ನಾಲ್ಕು ಅನ್ನ, ಏಳು ಬದನೆಕಾಯಿ, ಎರಡು ದಾಲ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ನಗಿಸುವಂತೆ ಹೇಳಲು ಬರುವುದಿಲ್ಲ. ಇದುವರೆಗೆ ನಾನು ಬರೆದಿರುವುದೆಂದರೆ ರಜೆ ಚೀಟಿಗಳು ಮತ್ತು "ಇಂದು ಎರಡರಿಂದ ಮೂರರವರೆಗೆ ಮೇಲ್ ಇರುವುದಿಲ್ಲ" ಎಂಬ ನೋಟಿಸುಗಳು. ವಾರಪತ್ರಿಕೆಗಳಲ್ಲಿ ಇಂಥ ಪ್ರಸಂಗ ಬರೆಯುವವರು ಎಲ್ಲಿ ನಗು ಬರುತ್ತದೋ ಅಲ್ಲಿ ನಿಲ್ಲಿಸಿಬಿಡುತ್ತಾರೆ. ನನಗೆ ಅದಾದ ಮೇಲೂ ವಿವರಿಸುವ ಚಟವಿದೆ. ಸಹಿಸಿಕೊಳ್ಳಬೇಕು.

ನನ್ನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಳ್ಳಾರಿಯ ಪಾರ್ವತಿನಗರದಲ್ಲಿ ಅದಿರು ಸಾಗಿಸುವ ಒಂದು ಕಂಪನಿ ಇದೆ. ಕುರುಗೋಡಿನಲ್ಲಿ ಅದರ ಲಾರಿ ಯಾರ್ಡು, ಸಿರುಗುಪ್ಪದಲ್ಲಿ ಅದೇ ಧಣಿಯ ಅಕ್ಕಿ ಮಿಲ್ಲು. ಈ ಮೂರು ಕಡೆಯವರು ಕಳಿಸುವ ಇ-ಮೇಲ್ ಎಲ್ಲ ಒಂದೇ ಕಂಪ್ಯೂಟರಿನ ಮೂಲಕ ಹಾದು ಹೋಗುತ್ತದೆ. ಅದು ಮೇಲ್ ಸರ್ವರ್. ಅದನ್ನು ಪೋಸ್ಟಾಫೀಸು ಅಂದುಕೊಂಡರೆ ನಾನು ಅದರ ಪೋಸ್ಟ್‌ಮಾಸ್ಟರ್. ಮೊದಲು ನಮ್ಮ ಪತ್ರಗಳು ಕಾರ್ಡಿನಂತೆ ಬಿಚ್ಚಾಗಿ ಹೋಗುತ್ತಿದ್ದವು. ಅದಿರಿನ ದರ ಬೆಳಿಗ್ಗೆ ಒಂದು, ಸಂಜೆ ಒಂದು ಆಗತೊಡಗಿದ ಮೇಲೆ ಧಣಿ ಗಾಬರಿಯಾಗಿ, "ಯಾರೂ ನಡುವ ಓದಬಾರದು, ಲಕೋಟಿಗೆ ಹಾಕು" ಎಂದರು. ಲಕೋಟೆಗೆ ಹಾಕುವುದೆಂದರೆ ಗೂಢಲಿಪಿಯಲ್ಲಿ ಕಳಿಸುವುದು. ಅದಕ್ಕೆ ಸರ್ಟಿಫಿಕೇಟ್ ಬೇಕು, ಅಂದರೆ ಸರ್ವರ್‌ನ ಗುರುತಿನ ಚೀಟಿ. ಅದನ್ನು ಹೊರಗಿನ ದೊಡ್ಡ ಸಂಸ್ಥೆಗಳಿಂದ ಕೊಂಡು ತರಬಹುದು, ಇಲ್ಲವೇ ನಾವೇ ಬರೆದು ನಾವೇ ಸಹಿ ಹಾಕಬಹುದು. ನಾನು ಎರಡನೆಯದನ್ನು ಮಾಡಿದೆ. ನಮ್ಮದೇ ಸಹಿ ಇದ್ದರೆ ಎಲ್ಲರ ಕಂಪ್ಯೂಟರೂ ಅನುಮಾನದಿಂದ ಕೇಳುತ್ತದೆ, "ಇವನನ್ನು ನಂಬಬಹುದೇ?" ಎಂದು. ಆಗ ಜನ ನನಗೆ ಫೋನ್ ಮಾಡುತ್ತಾರೆ.

ಇದು ಮುಖ್ಯ, ನೆನಪಿಡಿ. ಮೇಲ್ ಸರಿಯಾಗಿದ್ದರೆ ಯಾರೂ ನನಗೆ ಫೋನ್ ಮಾಡುವುದಿಲ್ಲ. ನಾನು ತುಂಬ ಚೆನ್ನಾಗಿ ಕೆಲಸ ಮಾಡಿದ ದಿನ ಸಂಜೆ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತದೆ. ಬೆಳಿಗ್ಗೆಯಿಂದ ಮಾತೇ ಆಡಿರುವುದಿಲ್ಲವಲ್ಲ. ನನ್ನ ಊರು ಮೋಕ, ದೂರವೇನಲ್ಲ. ಆದರೆ ಊರಿನ ಗೆಳೆಯರೆಲ್ಲ ಈಗ ಲಾರಿಯ ಮೇಲಿದ್ದಾರೆ, ಹೋದರೂ ಸಿಗುವುದಿಲ್ಲ. ಸತ್ಯನಾರಾಯಣಪೇಟೆಯಲ್ಲಿ ಒಂದು ಬಾಡಿಗೆ ಕೋಣೆ, ಇಲ್ಲಿ ಈ ಸರ್ವರ್ ಕೋಣೆ. ಹೀಗಾಗಿ ಇಲ್ಲಿ ಹೇಳುವುದೆಲ್ಲ ಏನಾದರೂ ಕೆಟ್ಟಾಗ ನಡೆದದ್ದು. ಪುಣ್ಯಕ್ಕೆ ಏನಾದರೊಂದು ಕೆಡುತ್ತಲೇ ಇರುತ್ತದೆ.

೧. ಚಪ್ಪಲಿ

ಸರ್ವರ್ ಕೋಣೆಯಲ್ಲಿ ಏಸಿ ಇದೆ. ನನಗಾಗಿ ಅಲ್ಲ, ಸರ್ವರ್‌ಗಾಗಿ. ಅದಿರಿನ ಕೆಂಪು ಧೂಳು ಒಳಗೆ ಬರಬಾರದೆಂದು ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು. ವರ್ಷದಲ್ಲಿ ಹತ್ತು ತಿಂಗಳು ಅಲ್ಲಿ ಒಂದೇ ಜೊತೆ ಇರುತ್ತದೆ.

ಒಂದು ಏಪ್ರಿಲ್‌ನಲ್ಲಿ ಅದು ಒಂಬತ್ತು ಜೊತೆಯಾಯಿತು. ಲೆಕ್ಕದ ವಿಭಾಗದ ಅಕ್ಕ ತಮ್ಮ ಫೈಲು ತಂದು ಕೂತರು. ಲಾರಿ ವಿಭಾಗದವರು ಬುತ್ತಿ ತಂದರು. ಧಣಿಯ ಡ್ರೈವರ್ ಗೋಡೆಗೊರಗಿ ಕಣ್ಣು ಮುಚ್ಚಿದ. ಮೇಲ್ ಬಗ್ಗೆ ಇವರಿಗೆ ಆಸಕ್ತಿ ಹುಟ್ಟಿದೆ ಎಂದು ನಾನು ನಂಬಿದೆ. ಬೋರ್ಡಿನ ಮೇಲೆ ಬೀಗ, ಬೀಗದಕೈ ಬರೆದು, ಗೂಢಲಿಪಿ ಹೇಗೆ ಕೆಲಸ ಮಾಡುತ್ತದೆಂದು ಮೂರು ವಾರ ವಿವರಿಸಿದೆ. "ಹೇಳ್ರಿ, ಹೇಳ್ರಿ, ಚಲೋ ಐತಿ" ಎನ್ನುತ್ತಿದ್ದರು. ಕಣ್ಣು ಮುಚ್ಚಿದ್ದ ಡ್ರೈವರ್ ಕೂಡ ತಲೆ ಆಡಿಸುತ್ತಿದ್ದ.

ನಾಲ್ಕನೆಯ ವಾರ ಮೇಲಿನ ಹಾಲ್‌ನ ಏಸಿ ರಿಪೇರಿ ಆಯಿತು. ಅಂದೇ ಮಧ್ಯಾಹ್ನ ಬಾಗಿಲಾಚೆ ಮತ್ತೆ ಒಂದೇ ಜೊತೆ. ಪಾಠ ಬೀಗದಕೈಯ ಅರ್ಧಕ್ಕೆ ನಿಂತಿತ್ತು. ಸಂಜೆ ಡ್ರೈವರ್ ಒಬ್ಬನೇ ವಾಪಸು ಬಂದ. ನನಗೆ ಎಷ್ಟು ಖುಷಿಯಾಯಿತೆಂದರೆ ತಕ್ಷಣ ಬೋರ್ಡಿನ ಹತ್ತಿರ ಹೋಗಿ, "ಎಲ್ಲಿಗೆ ನಿಲ್ಲಿಸಿದ್ದೆವು?" ಎಂದೆ.

"ಅದಲ್ರಿ ಸಾರ್," ಎಂದ. "ನಾನು ನಿಮ್ಮ ಚಪ್ಪಲಿ ಮೆಟ್ಟಿಗೊಂಡು ಹೋಗೀನಿ."

೨. ಮುಹೂರ್ತ

ಲಕೋಟೆ ಶುರು ಮಾಡುವ ದಿನಕ್ಕೆಂದು ಧಣಿ ಒಂದು ಚೀಟಿ ಕಳಿಸಿದರು. ಪುರೋಹಿತರ ಅಕ್ಷರ. ಗುರುವಾರ ಬೆಳಿಗ್ಗೆ ಎಂಟು ಇಪ್ಪತ್ತು. ಹೊಸ ಲಾರಿಗೆ, ಹೊಸ ತೂಕದ ಯಂತ್ರಕ್ಕೆ ಮುಹೂರ್ತ ನೋಡುವವರು ಸರ್ಟಿಫಿಕೇಟಿಗೂ ನೋಡಿಸಿದ್ದರು.

ನನಗೆ ಇದರಲ್ಲಿ ತೊಂದರೆ ಕಾಣಲಿಲ್ಲ. ಪ್ರತಿ ಸರ್ಟಿಫಿಕೇಟಿನಲ್ಲೂ "ಇಂಥ ಗಳಿಗೆಯಿಂದ ಜಾರಿ" ಎಂದು ಬರೆಯಲೇಬೇಕು. ಅಲ್ಲಿ ಎಂಟು ಇಪ್ಪತ್ತು ಎಂದು ಬರೆದೆ. ಆ ಬೆಳಿಗ್ಗೆ ಇಡೀ ಕಚೇರಿ ನನ್ನ ಕೋಣೆಯಲ್ಲಿತ್ತು. ಹದಿನಾಲ್ಕು ಜೊತೆ ಚಪ್ಪಲಿ, ಎಣಿಸಿದ್ದೇನೆ. ಸರ್ವರ್‌ಗೆ ಕುಂಕುಮ ಹಚ್ಚಿದರು. ತೆಂಗಿನಕಾಯಿ ಹೊರಗೆ ಒಡೆಯಬೇಕೆಂದು ನಾನು ಬೇಡಿಕೊಂಡೆ, ಯಾಕೆಂದರೆ ನೀರು ಸಿಡಿದರೆ ಸರ್ವರ್ ಹೋಗುತ್ತದೆ. ಎಂಟು ಇಪ್ಪತ್ತಕ್ಕೆ ಧಣಿ ತಮ್ಮ ಕೈಯಿಂದಲೇ ಮೊದಲ ಮೇಲ್‌ನ ಗುಂಡಿ ಒತ್ತಿದರು.

"ಈ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ" ಎಂದಿತು ಕಂಪ್ಯೂಟರ್.

ತಪ್ಪು ಹೊಳೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಸರ್ಟಿಫಿಕೇಟಿನೊಳಗೆ ವೇಳೆಯನ್ನು ನಮ್ಮ ಗಡಿಯಾರದಂತೆ ಬರೆಯುವುದಿಲ್ಲ, ಗ್ರೀನಿಚ್ ಗಡಿಯಾರದಂತೆ ಬರೆಯುತ್ತಾರೆ. ಅದು ನಮಗಿಂತ ಐದೂವರೆ ತಾಸು ಹಿಂದೆ. ನಾನು ಬರೆದ ಎಂಟು ಇಪ್ಪತ್ತು ಅಲ್ಲಿಯದು. ನಮಗೆ ಅದು ಮಧ್ಯಾಹ್ನ ಒಂದು ಐವತ್ತು. ಗುರುವಾರದ ಒಂದೂವರೆಯಿಂದ ಮೂರರವರೆಗೆ ರಾಹುಕಾಲ.

"ಐದು ನಿಮಿಷದಾಗ ಬೇರೆ ಮಾಡ್ತೀನ್ರಿ ಧಣಿ" ಎಂದೆ.

"ಪೂಜಿ ಆದದ್ದನ್ನ ಕಿತ್ತು ಒಗೀತಿಯೇನು? ಮುಟ್ಟಬ್ಯಾಡ."

ಎಲ್ಲರೂ ಕಾದರು. ಸರಿಯಾಗಿ ಒಂದು ಐವತ್ತಕ್ಕೆ, ಯಾರೂ ಏನೂ ಮುಟ್ಟದೆ, ತಡೆದು ನಿಂತಿದ್ದ ಮೇಲ್ ಬಂದು ಕಚೇರಿಯ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಟಿಣ್ ಎಂದವು. ಲೆಕ್ಕದ ಅಕ್ಕ ಹೆದರಿ ತಮ್ಮ ಪರದೆ ಆರಿಸಿದರು. ನನ್ನ ಕೆಲಸ ಹೋಯಿತು ಎಂದುಕೊಂಡು ನಿಂತೆ. ಧಣಿ ಗೋಡೆಯ ಗಡಿಯಾರ ನೋಡಿದರು.

"ಆ ಗ್ರೀನಿಚ್‌ನಾಗ ಈಗ ಎಷ್ಟು ಹೊತ್ತು?"

"ಎಂಟು ಇಪ್ಪತ್ತ್ರಿ."

"ಬೆಳಗ್ಗೆ?"

"ಹೌದ್ರಿ, ಬೆಳಗ್ಗೆ."

"ಮತ್ತ?" ಎಂದರು ಧಣಿ, ಎದ್ದು ಚಪ್ಪಲಿ ಹುಡುಕುತ್ತ. "ಮುಹೂರ್ತಕ್ಕ ಸರಿಯಾಗೇ ಆಗೇತಲ್ಲ. ರಾಹುಕಾಲ ನಮಗೈತಿ, ಅದಕ್ಕೇನೈತಿ?"

೩. ಎರಡನೇ ಪುಟ

ಇದು ಚಿಕ್ಕದು. ಲಕೋಟೆಯ ಉದ್ದೇಶವೇ ದರದ ಪಟ್ಟಿ ಎದುರು ಕಂಪನಿಯವರಿಗೆ ತಿಳಿಯದಿರಲಿ ಎಂದು. ಮೂರು ವಾರ ಕೂತು ಬಿಗಿ ಮಾಡಿದೆ. ಬಳ್ಳಾರಿಯಿಂದ ಕುರುಗೋಡಿನವರೆಗೆ ಆ ಪತ್ರವನ್ನು ದೇವರೂ ಓದುವಂತಿರಲಿಲ್ಲ.

ಕುರುಗೋಡಿನ ಯಾರ್ಡಿನ ಗುಮಾಸ್ತರ ಪರದೆಯ ಮೇಲೆ ಬೆರಳಷ್ಟು ಧೂಳು. ಅವರು ಪರದೆಯ ಮೇಲೆ ಓದುವುದಿಲ್ಲ, ಪ್ರಿಂಟು ತೆಗೆಯುತ್ತಾರೆ. ಪ್ರಿಂಟು ಹಿಡಿದು ಎದುರಿನ ಹೋಟೆಲಿಗೆ ಹೋಗಿ, ಡ್ರೈವರುಗಳಿಗೆ ತಿಳಿಯಲೆಂದು ಗಟ್ಟಿಯಾಗಿ ಓದುತ್ತಾರೆ. ಹೋಟೆಲಿನಲ್ಲಿ ಚಹಾ ಕುಡಿಯುವವರು ನಮ್ಮ ಡ್ರೈವರುಗಳಷ್ಟೇ ಅಲ್ಲ ಎಂದು ನಾನು ಬೇರೆ ಹೇಳಬೇಕಿಲ್ಲ. ಆದರೂ ಹೇಳಿದೆ.

ಇದು ನನಗೆ ಗೊತ್ತಾದದ್ದು ಒಂದು ಫೋನಿನಿಂದ. ಗುರುತಿಲ್ಲದ ದನಿ, ಬಹಳ ಮರ್ಯಾದೆಯಿಂದ ಮಾತಾಡಿತು. "ಸಾರ್, ಮೇಲ್ ನೋಡಿಕೊಳ್ಳೋರು ನೀವಲ್ರಿ? ನಾವು ಎದುರು ಕಂಪನಿಯೋರು. ನಿಮ್ಮ ಕುರುಗೋಡಿನ ಪ್ರಿಂಟರ್‌ನಾಗ ಹಾಳಿ ತೀರ್ಯಾವಂತ. ಇವತ್ತಿನ ರೇಟಿಂದು ಎರಡನೇ ಪುಟ ಬಂದಿಲ್ಲ, ಸ್ವಲ್ಪ ನೋಡ್ರಿ."

೪. ಕುರುಗೋಡಿನ ತಾರೀಖು

ಅದೇ ಗುಮಾಸ್ತರು. ಒಂದು ದಿನ ನಾನು ಸರ್ಟಿಫಿಕೇಟ್ ಹೊಸದಾಗಿ ಮಾಡಿದೆ. ವರ್ಷಕ್ಕೊಮ್ಮೆ ಅದರ ಅವಧಿ ಮುಗಿಯುತ್ತದೆ. ಬಳ್ಳಾರಿಯಲ್ಲಿ ಸರಿಹೋಯಿತು. ಕುರುಗೋಡಿನಲ್ಲಿ ಮಾತ್ರ "ಇನ್ನೂ ಜಾರಿಗೆ ಬಂದಿಲ್ಲ". ಗ್ರೀನಿಚ್ ವಿಷಯದಲ್ಲಿ ಒಮ್ಮೆ ಮುಗ್ಗರಿಸಿದವನು ನಾನು, ಈ ಸಲ ಅದನ್ನು ಮೂರು ಸಲ ನೋಡಿದ್ದೆ. ಫೋನ್ ಮಾಡಿದೆ.

"ಇವತ್ತು ತಾರೀಖು ಎಷ್ಟು ತೋರಸತೈತಿ ನೋಡ್ರಿ."

"ಎಲ್ಲೀದು?" ಎಂದರು ಗುಮಾಸ್ತರು. "ಕಂಪ್ಯೂಟರ್‌ನಾಗಿಂದೋ, ಕುರುಗೋಡಿನಾಗಿಂದೋ?"

ವಿಷಯ ಹೀಗಿತ್ತು. ಪ್ರತಿ ಲಾರಿಯ ಟ್ರಿಪ್ ಚೀಟಿಯನ್ನು ಅದೇ ದಿನದ ಪುಟಕ್ಕೆ ಏರಿಸಬೇಕು, ನಿನ್ನೆಯದನ್ನು ಪ್ರೋಗ್ರಾಂ ಒಪ್ಪುವುದಿಲ್ಲ. ಆದರೆ ಲಾರಿಗಳು ಸಾಲಿನಲ್ಲಿ ನಿಂತು ನಿಂತು ಚೀಟಿಗಳು ದಿನಗಟ್ಟಲೆ ತಡವಾಗಿ ಬರುತ್ತವೆ. ಹೀಗಾಗಿ ಗುಮಾಸ್ತರು ಕಂಪ್ಯೂಟರಿನ ತಾರೀಖನ್ನೇ ಹಿಂದಕ್ಕೆ ಇಟ್ಟುಕೊಂಡಿದ್ದರು. ಮೊದಲು ಎರಡು ದಿನ. ಲಾರಿ ಹೆಚ್ಚಿದಂತೆ ಸಾಲು ಬೆಳೆದು, ಈಗ ಅವರ ಕಂಪ್ಯೂಟರ್ ನಮಗಿಂತ ಹನ್ನೊಂದು ದಿನ ಹಿಂದೆ ಬದುಕುತ್ತಿತ್ತು. ಅದರ ಪ್ರಕಾರ ನನ್ನ ಸರ್ಟಿಫಿಕೇಟ್ ಇನ್ನೂ ಹುಟ್ಟಿರಲಿಲ್ಲ.

"ತಾರೀಖು ಸರಿ ಮಾಡ್ರಿ" ಎಂದೆ.

"ಲಾರಿ ಬರಲಿ ತಡೀರಿ. ಲಾರಿ ಬಂದ್ರ ತಾರೀಖು ತಾನ ಬರತೈತಿ."

ಕೊನೆಗೆ ನಾನೇ ಸೋತು, ಒಂದು ತಿಂಗಳ ಹಿಂದಿನ ತಾರೀಖು ಹಾಕಿ ಸರ್ಟಿಫಿಕೇಟ್ ಮಾಡಿದೆ. ಆ ವರ್ಷ ದೀಪಾವಳಿಯ ದಿನ ಎಲ್ಲರೂ ಧಣಿಗೆ ಶುಭಾಶಯದ ಮೇಲ್ ಕಳಿಸಿದರು. ಕುರುಗೋಡಿನ ಮೇಲ್‌ನ ತಲೆಯಲ್ಲಿ ಹನ್ನೊಂದು ದಿನ ಹಿಂದಿನ ತಾರೀಖಿತ್ತು. ಧಣಿ ಸಭೆಯಲ್ಲಿ ಅದನ್ನು ಎತ್ತಿ ಹಿಡಿದರು. "ನೋಡ್ರಿ, ನೀವೆಲ್ಲ ಹಬ್ಬದ ದಿನ ನೆನಪು ಮಾಡಿಕೊಂಡ್ರಿ. ಹನ್ನೊಂದು ದಿನ ಮೊದಲೇ ನೆನಪು ಮಾಡಿಕೊಂಡಾವ ಇವನೊಬ್ಬನ."

ಗುಮಾಸ್ತರನ್ನು ಬಿಟ್ಟರೆ ಅಂದು ತಾರೀಖಿನ ರಹಸ್ಯ ಗೊತ್ತಿದ್ದವನು ನಾನೊಬ್ಬನೇ. ಒಬ್ಬನೇ ನಗುವುದು ಕಷ್ಟ. ಅದಕ್ಕೆ ನಾನು ಇದನ್ನು ಸಿರುಗುಪ್ಪದ ಚಾಚಾಗೆ ಹೇಳಿದೆ.

೫. ಸಿರುಗುಪ್ಪದ ಚಾಚಾ

ಚಾಚಾ ಸಿರುಗುಪ್ಪದ ಮಿಲ್ಲಿನ ಹಳೆಯ ಗುಮಾಸ್ತರು. ನಾನು ಅವರನ್ನು ನೋಡಿಲ್ಲ. ಮೊದಲ ಸಲ ಅನುಮಾನದ ಪ್ರಶ್ನೆ ಬಂದಾಗ ಬೇರೆಯವರೆಲ್ಲ ಓದದೆ "ಸರಿ" ಒತ್ತಿದರು. ಚಾಚಾ ಒಬ್ಬರೇ ಫೋನ್ ಮಾಡಿ, "ನಂಬಬಹುದೇನು ಅಂತ ಕೇಳಾಕತ್ತೈತಿ ಬೇಟಾ. ನಾನು ನಿನ್ನ ನೋಡಿಲ್ಲ, ಹೆಂಗ ಹೇಳಲಿ?" ಎಂದರು.

ಸರಿಯಾದ ಪ್ರಶ್ನೆ. ಈ ಕೆಲಸದಲ್ಲಿ ನನಗೆ ಯಾರೂ ಕೇಳಿರದ ಪ್ರಶ್ನೆ. ಇದಕ್ಕೊಂದು ಕ್ರಮವಿದೆ. ಪ್ರತಿ ಸರ್ಟಿಫಿಕೇಟಿಗೂ ಒಂದು ಹೆಬ್ಬೆಟ್ಟಿನ ಗುರುತು ಇರುತ್ತದೆ, ಅಂಕಿ ಮತ್ತು ಎ ಯಿಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳ ಇಪ್ಪತ್ತು ಜೋಡಿ. ನಾನು ಇಲ್ಲಿ ಓದಬೇಕು, ಅವರು ಅಲ್ಲಿ ತಾಳೆ ನೋಡಬೇಕು. ಫೋನಿನಲ್ಲಿ ಬಿ, ಡಿ, ಇ ಎಲ್ಲ ಒಂದೇ ಥರ ಕೇಳಿಸುತ್ತವಾದ್ದರಿಂದ ಚಾಚಾ ಒಂದು ಉಪಾಯ ಮಾಡಿದರು. ಎ ಅಂದರೆ ಅನ್ನ, ಬಿ ಬದನಿಕಾಯಿ, ಸಿ ಸಿರುಗುಪ್ಪ, ಡಿ ದಾಲ್, ಇ ಇಡ್ಲಿ. ಎಫ್‌ಗೆ ಊಟದ ಪದಾರ್ಥ ಸಿಗಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿ "ಫ್ಯಾನು" ಎಂದರು.

ಹೀಗೆ ಒಂದು ಸೋಮವಾರ ಹತ್ತು ಗಂಟೆಗೆ ನಾನು ಗಟ್ಟಿಯಾಗಿ ಓದುತ್ತಿದ್ದೆ. "ನಾಲ್ಕು ಅನ್ನ. ಏಳು ಬದನೆಕಾಯಿ. ಎರಡು ದಾಲ್. ಒಂಬತ್ತು ಫ್ಯಾನು..." ಆಗ ಬಾಗಿಲ ಮುಂದೆ ಹಾದು ಹೋಗಿದ್ದ ಕ್ಯಾಂಟೀನಿನವನು ಮಧ್ಯಾಹ್ನ ಒಂದು ಗಂಟೆಗೆ ಎರಡು ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಎಲ್ಲ ತಂದೀನ್ರಿ ಸಾರ್. ಒಂಬತ್ತು ಫ್ಯಾನು ಮಾತ್ರ ನಮ್ಮಲ್ಲಿ ಸಿಗಂಗಿಲ್ಲ."

ಏಳು ಜನರ ಬದನೆಕಾಯಿ ಪಲ್ಯವನ್ನು ನಾನು ಎರಡು ದಿನ ತಿಂದೆ. ಚಾಚಾ ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕರು. "ಉಪ್ಪು ಸರಿ ಇತ್ತೇನು ಬೇಟಾ?" ಎಂದು ಕೇಳಿದರು. ನಾನು ಬಳ್ಳಾರಿಗೆ ಬಂದ ಮೇಲೆ ನನ್ನ ಊಟದ ಬಗ್ಗೆ ಕೇಳಿದವರು ಅವರೊಬ್ಬರೇ.

ನಿಜವಾಗಿ ಇಷ್ಟಕ್ಕೆ ಮುಗಿಯಬೇಕಿತ್ತು. ಒಮ್ಮೆ ತಾಳೆ ನೋಡಿದ ಮೇಲೆ "ಶಾಶ್ವತವಾಗಿ ನಂಬು" ಎಂಬುದನ್ನು ಆರಿಸಿದರೆ ಪ್ರಶ್ನೆ ಮತ್ತೆ ಬರುವುದಿಲ್ಲ. ಚಾಚಾ ಪ್ರತಿ ಸಲ ಅದರ ಕೆಳಗಿನದನ್ನು, "ಈ ಸಲ ಮಾತ್ರ ನಂಬು" ಎಂಬುದನ್ನು, ಆರಿಸುತ್ತಿದ್ದರು. ಹೀಗಾಗಿ ಭಾನುವಾರಕ್ಕೆ ಆರಿಸಿದ ಕಂಪ್ಯೂಟರನ್ನು ಮತ್ತೆ ಹಚ್ಚಿದಾಗೆಲ್ಲ, ಪ್ರತಿ ಸೋಮವಾರ ಹತ್ತಕ್ಕೆ, ಫೋನು.

"ಮ್ಯಾಲಿನದು ಒತ್ತರಿ ಚಾಚಾ."

"ಆತು ಬೇಟಾ. ಮುಂದಿನ ಸಲ."

ಓದುವುದಕ್ಕೆ ಎರಡು ನಿಮಿಷ. ಉಳಿದ ನಲವತ್ತು ನಿಮಿಷ ಮಾತು. ಮಿಲ್ಲಿನ ಹಮಾಲರೆಲ್ಲ ಹೆಚ್ಚಿನ ಕೂಲಿಗೆ ಗಣಿಗೆ ಹೋಗಿದ್ದರು. "ಮಿಲ್ಲಿನಾಗ ಈಗ ನಾನು, ಇಲಿ, ಇಬ್ಬರ ಇದ್ದೀವಿ. ನಿನ್ನಿಯಿಂದ ಇಲಿನೂ ಕಾಣವಲ್ದು. ಅದೂ ಗಣಿಗೆ ಹೋತೋ ಏನೋ" ಎನ್ನುತ್ತಿದ್ದರು. ಕುರುಗೋಡಿನ ತಾರೀಖಿನ ಕಥೆಯನ್ನು ಅವರು ಮೂರು ಸಲ ಹೇಳಿಸಿಕೊಂಡರು. "ತಾರೀಖು ಹಿಂದಕ್ಕ ಹೋದ್ರ ಎಂಥಾ ಸರ್ಟಿಫಿಕೇಟ್ ಇದ್ರೂ ಕೇಳತೈತೇನು? ಅದನ್ನ ಎಲ್ಲಿ ಒತ್ತಿ ಬದಲಿಸ್ತಾರ?" ಎಂದೂ ಕೇಳಿದರು. ಯಾರಾದರೂ ಕೇಳಿದರೆ ನನಗೆ ಅಷ್ಟೇ ಸಾಕು. ಪೂರ್ತಿ ವಿವರಿಸಿದೆ.

ಒಂದು ಸೋಮವಾರ ಓದುತ್ತಿದ್ದಾಗ ನನ್ನ ನಾಲಿಗೆ ತಪ್ಪಿ ಹನ್ನೊಂದನೆಯ ಜೋಡಿಯನ್ನು ಬಿಟ್ಟೆ. "ಐದು ಇಡ್ಲಿ ಬಿಟ್ಟಿ" ಎಂದರು ಚಾಚಾ. ಮುಂದುವರಿದೆ. ಮುಗಿದ ಮೇಲೆ ಅದೂ ಇದೂ ಮಾತಾಡುತ್ತ, "ಭಾಳ ಸೆಕಿ ಬೇಟಾ. ಬೆಳಗ್ಗಿಂದ ಕರೆಂಟಿಲ್ಲ" ಎಂದರು.

ನಾನು ಎಲ್ಲವನ್ನೂ ಹಂತ ಹಂತವಾಗಿ ಯೋಚಿಸುವವನು. ಕರೆಂಟಿಲ್ಲದಿದ್ದರೆ ಕಂಪ್ಯೂಟರಿಲ್ಲ. ಕಂಪ್ಯೂಟರಿಲ್ಲದಿದ್ದರೆ ಪ್ರಶ್ನೆ ಇಲ್ಲ. ತಾಳೆ ನೋಡುವುದಕ್ಕೆ ಅಲ್ಲಿ ಹೆಬ್ಬೆಟ್ಟೂ ಇಲ್ಲ.

"ಹಂಗಾದ್ರ ಎಲ್ಲಿ ನೋಡಿ ಹೇಳಿದ್ರಿ ಚಾಚಾ?"

ಚಾಚಾ ಸಣ್ಣ ದನಿಯಲ್ಲಿ, "ಬಾಯಿಪಾಠ ಐತಿ" ಎಂದರು.

"ಎಂದಿನಿಂದ?"

"ಬದನಿಕಾಯಿ ಬಂದ ವಾರದಿಂದ."

ಅಂದರೆ ಎಂಟು ತಿಂಗಳಿಂದ. ಮುಂದಿನ ಸೋಮವಾರ ಹತ್ತಕ್ಕೆ ಫೋನು ಬಂತು. "ಕೇಳಾಕತ್ತೈತಿ ಬೇಟಾ" ಎಂದರು. "ಹೂಂ ಚಾಚಾ, ನೋಡಿಕೊಳ್ರಿ, ನಾಲ್ಕು ಅನ್ನ" ಎಂದೆ. ಮೇಲಿನದನ್ನು ಒತ್ತಿ ಎಂದು ಹೇಳುವುದನ್ನು ನಾನು ಅಂದಿನಿಂದ ಬಿಟ್ಟೆ.

೬. ಕೊಂಡು ತಂದದ್ದು

ಇದು ಎಲ್ಲಕ್ಕಿಂತ ನಗು ಬರುವ ಪ್ರಸಂಗ ಆಗಬೇಕಿತ್ತು. ಹೇಗೆ ನಗಿಸುವುದೆಂದು ಇನ್ನೂ ಹೊಳೆದಿಲ್ಲ.

ಅದಿರು ಕೊಳ್ಳುವ ಹೊರದೇಶದವರೊಬ್ಬರಿಗೂ ನಮ್ಮ ಸರ್ವರ್ "ಇವನನ್ನು ನಂಬಬಹುದೇ?" ಎಂಬ ಪ್ರಶ್ನೆ ತೋರಿಸಿತು. ಅವರು ಧಣಿಗೆ ಹೇಳಿದರು. ಧಣಿಗೆ ಅವಮಾನವಾಯಿತು. "ದುಡ್ಡು ಹೋದ್ರ ಹೋಗಲಿ, ಯಾರೂ ಏನೂ ಕೇಳಬಾರದು, ಅಂಥಾದ್ದು ತಗೊಂಬಾ" ಎಂದರು. ಕೊಂಡು ತಂದೆ. ಹಾಕಿದೆ. ನನ್ನ ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಮೊದಲ ಸಲಕ್ಕೇ ಸರಿಹೋಯಿತು. ಯಾವ ಕಂಪ್ಯೂಟರೂ ಏನೂ ಕೇಳಲಿಲ್ಲ. ಕುರುಗೋಡಿನದು ಕೂಡ ಕೇಳಲಿಲ್ಲ, ಯಾಕೆಂದರೆ ಮುಂಜಾಗ್ರತೆಗೆ ನಾನು ಅದನ್ನು ಹಾಕಿದ್ದೇ ಕೊಂಡು ಇಪ್ಪತ್ತು ದಿನ ಆದ ಮೇಲೆ.

ಸೋಮವಾರ ಹತ್ತಾಯಿತು. ಹತ್ತೂವರೆ ಆಯಿತು. ಫೋನು ಬರಲಿಲ್ಲ.

ಮರುವಾರ ಪರ್ಮಿಟ್ ವಿಭಾಗದವರು ಬಂದು ನನ್ನ ಕೋಣೆಯ ಫೋನು ಕೇಳಿದರು. "ನಿಮಗ ಯಾರೂ ಮಾಡಂಗಿಲ್ಲಲ್ರಿ, ನಮಗ ಭಾಳ ಬರತಾವ" ಎಂದರು. ಹೌದಲ್ಲ ಎಂದು ನಾನೇ ವೈರು ಸುತ್ತಿ ಕೊಟ್ಟೆ. ಈಗ ಮೇಜಿನ ಮೇಲೆ ಫೋನಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಇದೆ.

ನೀವೇ ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುತ್ತೀರಿ. ಕಚೇರಿಯ ಬಾಗಿಲ ಹತ್ತಿರ ಮುಂದಿನ ಮೇಜಿನ ಫೋನು ಇದೆ. ಆದರೆ ಎತ್ತಿಕೊಂಡು ಏನು ಹೇಳಲಿ? ಕಾರಣವಿಲ್ಲದೆ ಮಾತಾಡುವುದು ನನಗೂ ಬರುವುದಿಲ್ಲ, ಅವರಿಗೂ ಬರುವುದಿಲ್ಲ. ಬರುತ್ತಿದ್ದರೆ ಹೆಬ್ಬೆಟ್ಟು ಯಾಕೆ ಬೇಕಿತ್ತು? ಒಂದು ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆಯಲ್ಲಿ ಇಳಿದು, ಒಂದು ಚಹಾ ಕುಡಿದು, ವಾಪಸು ಬಸ್ಸು ಹತ್ತಿದೆ. ಇದು ನಗುವ ಜಾಗ ಎಂದುಕೊಂಡಿದ್ದೇನೆ.

ಇವತ್ತಿಗೆ ಐದು ಸೋಮವಾರ ಆದವು. ಸುಮ್ಮನೆ ಕೂರಲಾರದೆ ಇದನ್ನು ಬರೆಯುತ್ತಿದ್ದೇನೆ. ಮುಗಿಸುವ ಮೊದಲು ಒಂದು ವಿಷಯ ವಿವರಿಸಿಬಿಡುತ್ತೇನೆ. ಕೊಂಡು ತಂದ ಸರ್ಟಿಫಿಕೇಟ್ ಯಾಕೆ ಪ್ರಶ್ನೆ ಹುಟ್ಟಿಸುವುದಿಲ್ಲ ಎಂದರೆ, ಕಂಪ್ಯೂಟರ್ ನೋಡುವುದು ಮೂರೇ ಸಂಗತಿ. ಹೆಸರು ಸರಿಯಿದೆಯೇ, ಸಹಿ ದೊಡ್ಡವರದೇ, ತಾರೀಖಿನ ಒಳಗೆ ಇದೆಯೇ. ಮೊದಲೆರಡು ನನ್ನ ಕೈಯಲ್ಲಿವೆ, ಅವು ಕೆಡುವುದಿಲ್ಲ. ಮೂರನೆಯದು ಮಾತ್ರ ನನ್ನ ಕೈಯಲ್ಲಿಲ್ಲ, ಓದುವವರ ಕಂಪ್ಯೂಟರಿನ ಕೈಯಲ್ಲಿದೆ. ಅಂದರೆ ಆ ಕಡೆಯವರು ಯಾರಾದರೂ ಬೇಕೆಂದೇ ತಮ್ಮ ತಾರೀಖನ್ನು...

ಅಟೆಂಡರ್ ಬಾಗಿಲಲ್ಲಿ ನಿಂತಿದ್ದಾನೆ.

"ಸಾರ್, ಮುಂದಿನ ಮೇಜಿಗೆ ಫೋನು. ಸಿರುಗುಪ್ಪದೋರು. ಅವರ ಕಂಪ್ಯೂಟರ್‌ನಾಗ ತಾರೀಖು ಹತ್ತು ವರ್ಷ ಹಿಂದಕ್ಕ ಹೋಗೇತಂತ. ತಾನ ಹೋತಂತ, ಯಾರೂ ಮುಟ್ಟಿಲ್ಲಂತ, ಎರಡೆರಡು ಸಲ ಹೇಳಿದ್ರು. ಹೊಸಾದ್ರಾಗ ಅನ್ನ ಎಷ್ಟು, ಬದನಿಕಾಯಿ ಎಷ್ಟು, ಮೊದಲಿಂದ ಓದಿ ಹೇಳಬೇಕಂತ. ಏನ್ರಿ ಇದು? ಬರ್ರಿ ಲಗೂನ."

ಬಂದೆ ಎಂದು ಹೇಳಿದ್ದೇನೆ. ಇದನ್ನು ಇಲ್ಲಿಗೇ ಬಿಡಬೇಕು. ಮುಂದಿನ ಮೇಜಿನಲ್ಲಿ ಸರ್ವರ್ ಇಲ್ಲದ್ದರಿಂದ ಹೊಸ ಇಪ್ಪತ್ತು ಜೋಡಿಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ನಿಧಾನವಾಗಿ ಓದಬೇಕು, ಯಾಕೆಂದರೆ ಇದು ಅವರಿಗೆ ಇನ್ನೂ ಬಾಯಿಪಾಠ ಆಗಿಲ್ಲ, ಆಗುವುದಕ್ಕೆ ಕಡಿಮೆ ಅಂದರೂ...